ಊರ ಕಡೆ ಮುಖ ಮಾಡಿದ ಕಪ್ಪೆ

ಕಾಲಿಲ್ಲ, ಕಣ್ಣು ಇದ್ದೂ ಇಲ್ಲದಂತೆ. ಎರೆಹುಳುವಿನ ಹಾಗೆ ಹೊರಳುತ್ತಿದ್ದ ಆ ಜೀವಿ ಕಪ್ಪೆಯ ಬಳಗದ್ದು. ವಿಜಯಪುರದಲ್ಲಿ ವರ್ಷಗಟ್ಟಲೆ ಅದರ ಪಾಠ ಮಾಡಿದವಳು ನಾನು. ಜೀವಂತವಾಗಿ ಕಂಡದ್ದು ಪುಣೆಯ ಕಾಲೇಜಿಗೆ ಬಂದ ಮೇಲೆ, ವಿದ್ಯಾರ್ಥಿಗಳ ಜೊತೆ ಸಹ್ಯಾದ್ರಿಯ ಇಳಿಜಾರಿಗೆ ಹೋದಾಗ. ಚೀರಿಬಿಟ್ಟೆ. ಅವರೆಲ್ಲ ನಕ್ಕರು.

ನಮ್ಮ ಬಯಲುಸೀಮೆಯಲ್ಲಿ ಕಪ್ಪೆಯ ಜಾತಿಗಳು ಬೆರಳೆಣಿಕೆಯಷ್ಟು. ಬೇಸಿಗೆಯೆಲ್ಲ ಮಣ್ಣಲ್ಲಿ ಹುದುಗಿದ್ದು ಮೊದಲ ಮಳೆಗೆ ಎದ್ದು ಬರುವ ಅವುಗಳ ದನಿ ಕೇಳಿಯೇ ಇಂಥದ್ದು ಎನ್ನಬಲ್ಲೆ. ಪುಣೆಯಿಂದ ಪಡುವಣಕ್ಕೆ ಹೋದರೆ ಎಲೆಗೊಂದು, ತೊರೆಯ ಬಂಡೆಗೊಂದು, ಪೊಟರೆಗೊಂದು ಬಗೆ. ಒಂದೊಂದು ಸೀಮೆಗೂ ಅದರದೇ ಕಪ್ಪೆಗಳು. ಪಾಠದಲ್ಲಿ ಇದು ಸಂತೋಷದ ವಿಷಯ. ಅಲ್ಲಿ ನಿಂತು ಕೇಳಿದಾಗ ಅಳು ಬಂತು. ಅಷ್ಟು ದನಿಗಳಲ್ಲಿ ಒಂದೂ ಪರಿಚಯದ್ದಲ್ಲ.

ಪುಣೆಯ ಧನಕವಡಿಯ ಬಾಡಿಗೆ ಕೋಣೆಯಲ್ಲೂ ಅದೇ ಕಥೆ. ಮನೆಯೊಡತಿ ಒಳ್ಳೆಯವರು, ನನಗೆ 'ಬೇಡೂಕ್ ಮ್ಯಾಡಮ್' ಎಂದು ಹೆಸರಿಟ್ಟಿದ್ದಾರೆ. ಬೇಡೂಕ್ ಎಂದರೆ ಕಪ್ಪೆ. ನನ್ನ ಮರಾಠಿ ತರಕಾರಿ ಕೊಳ್ಳಲು ಸಾಕು, ಮನಸ್ಸು ಬಿಚ್ಚಲು ಸಾಲದು. ಮುಂದಿನ ವರ್ಷವೂ ಇರುತ್ತೀರಾ ಎಂದು ಕಾಲೇಜಿನವರು ಕೇಳಿದ್ದರು. ಇಲ್ಲ ಎಂದು ಹೇಳುವುದೆಂದೇ ನಿಶ್ಚಯಿಸಿದ್ದೆ.

ಒಂದು ಸಂಜೆ ಅವ್ವನ ಫೋನ್ ಬಂತು. "ಮಳೀನ ಇಲ್ಲವ್ವಾ. ಹುಡುಗ್ರು ಕಪ್ಪಿ ಹೊತಗೊಂಡು ಬಂದಿದ್ರು." ಮಳೆ ತಡವಾದರೆ ನಮ್ಮಲ್ಲಿ ಮಕ್ಕಳು ಬೇವಿನ ಸೊಪ್ಪಿನಲ್ಲಿ ಕಪ್ಪೆ ಹೊತ್ತು ಮನೆಮನೆಗೆ ಬರುತ್ತಾರೆ, ಹೆಂಗಸರು ಅದಕ್ಕೆ ನೀರು ಹಾಕಿ ಮಳೆ ಬೇಡುತ್ತಾರೆ.

ಫೋನಿಟ್ಟು ನಡೆಯುತ್ತಿದ್ದಾಗ, ಕಟ್ಟಡಕ್ಕೆ ತೋಡಿದ್ದ, ಮಳೆನೀರು ನಿಂತ ಗುಂಡಿಯ ಬಳಿ ಕೇಳಿಸಿತು: ಮಣ್ಣಲ್ಲಿ ಹುದುಗುವ ನಮ್ಮ ಕಪ್ಪೆಯದೇ ದನಿ! ಪುಣೆಯ ಈ ಮಗ್ಗುಲು ನಮ್ಮ ಬಯಲಿನದೇ ಮುಂದುವರಿಕೆ ಎಂಬುದನ್ನು ಮರೆತೇಬಿಟ್ಟಿದ್ದೆ. ಓಡಿಹೋಗಿ ಹಿಡಿದೆ. ಕೈ ತಾನಾಗಿ ಬಾಟಲಿಯ ನೀರನ್ನು ಅದರ ಮೇಲೆ ಸುರಿಯಿತು.

"ಅಯ್ಯ ಅಕ್ಕಾರ, ಇಲ್ಲಿ ಮಳಿ ಕರೀಬ್ಯಾಡ್ರಿ!"

ತಗಡಿನ ಶೆಡ್ಡಿನೊಳಗಿಂದ ಬಕೆಟ್ಟಿನಲ್ಲಿ ನೀರು ತಂದು ಹೊರಗೆ ಚೆಲ್ಲುತ್ತಿದ್ದ ಹೆಂಗಸು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಶರಣಮ್ಮ. "ಹಾಸಿಗಿ ತೊಯ್ದಾವ, ಒಲಿ ಹತ್ತವಲ್ದು. ನೀವ್ ನೋಡಿದ್ರ ಇನ್ನಾ ಬಾ ಅಂತೀರಿ!"

"ನಾ ಕನ್ನಡದಾಕಿ ಅಂತ ಹೆಂಗ ಗೊತ್ತಾತು?"

"ಕಪ್ಪಿಗಿ ನೀರ ಹಾಕವ್ರು ನಮ್ಮವ್ರ ಬಿಟ್ರ ಇಲ್ಲಿ ಯಾರದಾರ್ರಿ?"

ಎಷ್ಟೋ ತಿಂಗಳ ನಂತರ ಬಾಯ್ತುಂಬ ನಕ್ಕೆ. "ನಮ್ಮೂರಾಗ ಮಳಿ ಇಲ್ಲ ತಂಗಿ" ಎಂದೆ.

"ನಮ್ಮೂರಾಗೂ ಇಲ್ರಿ." ಆಕೆ ಕಪ್ಪೆಯನ್ನು ಅಂಗೈಗೆ ತೆಗೆದುಕೊಂಡು ಮೂಡಲಕ್ಕೆ ತಿರುಗಿಸಿದಳು. "ಹಿಂಗ ಊರ ಕಡೆ ಮಾರಿ ಮಾಡಿ ಹಾಕ್ರಿ. ಅಲ್ಲೇ ಬರ್ಲಿ."

ಉಳಿದ ನೀರು ಹಾಕಿದೆ.

ಇನ್ನೊಂದು ವರ್ಷ ಇರುತ್ತೇನೆಂದು ಕಾಲೇಜಿಗೆ ಹೇಳಿದ್ದೇನೆ. ಮಳೆ ಬಂತಾ ಎಂದು ದಿನವೂ ಅವ್ವನನ್ನು ಆಸೆಯಿಂದ ಕೇಳುತ್ತೇನೆ. ಇಲ್ಲಿ ಮೋಡ ಕಟ್ಟಿದರೆ ಶರಣಮ್ಮನ ಒಲೆ ನೆನಪಾಗಿ ಎದೆ ಧಸಕ್ಕೆನ್ನುತ್ತದೆ.