ಬಾಯಿಗೆ ಬೀಗ ಹಾಕಿದ ವರದಿಗಾರ

ಕೋರ್ಟಿನ ಸುದ್ದಿ ಬರೆಯುವವನನ್ನು ಕಟ್ಟಿಕೊಂಡವಳಿಗೆ ಊರ ಗುಟ್ಟೆಲ್ಲ ಗೊತ್ತಿರುತ್ತದೆ ಎಂದು ಅಕ್ಕಪಕ್ಕದವರು ನಂಬಿದ್ದರು. ಅವಳ ಪಾಡು ಅವಳಿಗೇ ಗೊತ್ತು. ಪತ್ರಿಕೆಯವರು ಅವಳ ಗಂಡನಿಗೆ ಇಟ್ಟ ಹೆಸರೇ ಬೀಗ.

"ಇವತ್ತಿನ ಕೇಸಲ್ಲಿ ಆ ಹುಡುಗಿ ಯಾರ್ರೀ?" ಎಂದು ಕೇಳಿದರೆ, "ಊಟ ಚೆನ್ನಾಗಿದೆ ಕಣೇ" ಎನ್ನುತ್ತಿದ್ದ.

ಅತ್ಯಾಚಾರದ ಕೇಸಿನಲ್ಲಿ ನೊಂದವಳ ಗುರುತು ಕೊಡಬಾರದು ಎನ್ನುತ್ತದೆ ಕಾನೂನು. ಉಳಿದ ವರದಿಗಾರರು ಹೆಸರೊಂದನ್ನು ಬಿಟ್ಟು, ಅವಳ ಬೀದಿ, ಕೆಲಸ, ಅಪ್ಪನ ಅಂಗಡಿ ಎಲ್ಲವನ್ನೂ ಬರೆದು ಕೈತೊಳೆದುಕೊಳ್ಳುತ್ತಿದ್ದರು. ಬೀಗ ತನ್ನ ವರದಿಯಿಂದ ಅವನ್ನೂ ಹೊಡೆದುಹಾಕುತ್ತಿದ್ದ.

"ಉಪ್ಪಿಲ್ಲ, ಖಾರ ಇಲ್ಲ, ಇದೇನು ಪಥ್ಯದ ಊಟಾನಾ?" ಎಂದು ಸಂಪಾದಕ ರೇಗುತ್ತಿದ್ದ.

"ಕಾಯಿಲೆ ಊರಿಗೇ ಬಂದಿದೆಯಲ್ಲ ಸಾರ್!"

ಒಂದು ಸಂಜೆ ಹೆಂಡತಿ ಅವನನ್ನು ಎಳೆದುಕೊಂಡು ಹೊಸ ಹೊಲಿಗೆ ಅಂಗಡಿಗೆ ಹೋದಳು. ಅವನನ್ನು ಕಂಡದ್ದೇ ಅಂಗಡಿಯಾಕೆ ಮಿಷನ್ ನಿಲ್ಲಿಸಿ ಎದ್ದು ನಿಂತಳು. ಬೀಗ ಎಂದೂ ಇಲ್ಲದ ಆಸಕ್ತಿಯಿಂದ ಗುಂಡಿಗಳ ಡಬ್ಬಿ ನೋಡತೊಡಗಿದ. ಹೆಂಡತಿಯ ಕಿವಿ ನೆಟ್ಟಗಾಯಿತು.

"ಇವರು ಗೊತ್ತೇನಮ್ಮಾ ನಿಂಗೆ?"

"ನನ್ನ ಕೇಸು ಬರೆದೋರು ಇವರೇ ಅಕ್ಕಾ. ನಮ್ಮ ಬೀದಿಗೆ ಬರ್ತಿದ್ದದ್ದು ಇವರ ಪೇಪರ್ ಒಂದೇ. ಪಕ್ಕದ ಮನೆ ಅಜ್ಜಿ ಅದನ್ನ ನನಗೇ ಓದಿ ಹೇಳಿ, 'ಪಾಪ, ಯಾರ ಮನೆ ಮಗಳೋ' ಅಂತ ಕಣ್ಣೊರೆಸಿಕೊಂಡ್ರು."

ಇಬ್ಬರೂ ಮನೆಗೆ ಮರಳಿದರು. ಮನೆಯ ಗೇಟಿನಲ್ಲಿ ಪಕ್ಕದ ಮನೆಯವಳು ಕಾದಿದ್ದಳು.

"ಏನ್ರೀ, ಹೊಸ ಟೈಲರಮ್ಮ ಹೇಗೆ? ಎಲ್ಲಿಯವಳಂತೆ, ಏನ್ಕಥೆ?"

"ನಿಮ್ಮನೇಲಿ ಊಟ ಆಯ್ತಾ?" ಎಂದಳು ಬೀಗನ ಹೆಂಡತಿ.