ಬಾತ್‌ರೂಮಿನ ಕಪಾಟಿನಲ್ಲಿ ಗೋಧಿ

ನನಗೆ ಗೋಧಿ ಆಗುವುದಿಲ್ಲವೆಂದು ಗೊತ್ತಾದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೇಸರಪಟ್ಟವರು ನನ್ನ ಗಂಡ. ರಬಾಳೆಯ ಕಾರ್ಖಾನೆಗಳ ನಡುವೆ ನಮ್ಮದೊಂದು ಸಣ್ಣ ಉಡುಪಿ ಹೋಟೆಲ್ ಇದೆ. ಅಲ್ಲಿ ಪೂರಿ, ಪರೋಟ, ಗೋಳಿಬಜೆ ಒಲೆಯಿಂದ ಇಳಿಯುವುದೇ ತಡ, ಖಾಲಿ. "ಊರಿಗೆಲ್ಲ ತಿನ್ನಿಸುವವನ ಹೆಂಡತಿಗೇ ಹೀಗಾಯ್ತಲ್ಲ ಮಾರಾಯ್ತಿ" ಎಂದು ಅವರು ವಾರಗಟ್ಟಲೆ ಪೇಚಾಡಿದರು. ನನಗೆ ಮಾತ್ರ ಸಮಾಧಾನವೇ ಆಗಿತ್ತು. ಎಷ್ಟೋ ಕಾಲದಿಂದ ಹೊಟ್ಟೆ ಉಬ್ಬರ, ನೋವು, ಕಾರಣವಿಲ್ಲದ ಸುಸ್ತು. ಬೇಲಾಪುರದ ಕಚೇರಿಯಲ್ಲಿ ಊಟವಾದ ಮೇಲೆ ಮೇಜಿಗೆ ತಲೆ ಆನಿಸಿ ಕೂರುತ್ತಿದ್ದ ನನ್ನನ್ನು ಸೋಮಾರಿಗಳ ಪಟ್ಟಿಗೆ ಸೇರಿಸಿಯಾಗಿತ್ತು. ಈಗ ಅದಕ್ಕೆ ಸೀಲಿಯಾಕ್ ಎಂಬ ಗೌರವದ ಹೆಸರು ಸಿಕ್ಕಿತು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಹೊಟ್ಟೆಗೆ ಹೋಗಬಾರದು, ಚೂರೂ ಹೋಗಬಾರದು. ಪಥ್ಯವೇ ಮದ್ದು.

ಆ ಪಥ್ಯವನ್ನು ಕೈಗೆತ್ತಿಕೊಂಡವರು ನನ್ನ ಅತ್ತೆ. ಡೊಂಬಿವಲಿಯ ನಮ್ಮ ಫ್ಲಾಟಿನಲ್ಲಿ ಅಡುಗೆಮನೆ ಅವರ ರಾಜ್ಯ. ನನಗೆಂದು ಬೇರೆ ಕಾವಲಿ, ಬೇರೆ ಸಟ್ಟುಗ, ಬೇರೆ ಡಬ್ಬ ಬಂದವು. ಬೆಳಿಗ್ಗೆ ಮಗನಿಗೂ ಮೊಮ್ಮಗಳಿಗೂ ಚಪಾತಿ ಲಟ್ಟಿಸಿದ ಮೇಲೆ, ಆಪರೇಷನ್ನಿಗೆ ಹೊರಟ ಡಾಕ್ಟರರ ಹಾಗೆ ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಆಮೇಲೆ ಬಾಳೆಲೆಯ ಮೇಲೆ ನನ್ನ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ರೊಟ್ಟಿಯ ಮೇಲೆ ಅವರ ಬೆರಳಿನ ಗುರುತು ಸಾಲಾಗಿ ಮೂಡಿರುತ್ತಿತ್ತು. ಡಬ್ಬಿ ತೆರೆದರೆ ನನ್ನ ಕಚೇರಿಯ ಗೆಳತಿಯರು ಮೊದಲು ಅದಕ್ಕೇ ಕೈ ಹಾಕುತ್ತಿದ್ದರು.

ಕೆಲವೇ ತಿಂಗಳಲ್ಲಿ ನಾನು ಗೆಲುವಾದೆ. ಠಾಣೆಯಲ್ಲಿ ಗಾಡಿ ಬದಲಾಯಿಸುವಾಗ ಬ್ರಿಡ್ಜಿನ ಮೆಟ್ಟಿಲನ್ನು ಓಡುತ್ತಾ ಹತ್ತುವಷ್ಟು. ಆದರೆ ಚಳಿಗಾಲ ಬಂದಂತೆ ಹಳೆಯ ಹೊಟ್ಟೆನೋವು ಮತ್ತೆ ಶುರುವಾಯಿತು. ಹೊರಗೆ ಒಂದು ವಡಾಪಾವ್ ಕೂಡ ಮುಟ್ಟಿರಲಿಲ್ಲ. ರಕ್ತಪರೀಕ್ಷೆಯೂ ಚೆನ್ನಾಗಿ ಬರಲಿಲ್ಲ. ಠಾಣೆಯ ನನ್ನ ಡಾಕ್ಟರಮ್ಮ ವರದಿ ನೋಡಿ, ನನ್ನ ಮುಖವನ್ನೇ ದಿಟ್ಟಿಸಿದರು.

"ತಿನ್ನದೇ ಇರುವ ಯಾವುದು ನಿಮ್ಮ ಬಾಯಿಗೆ ಹೋಗುತ್ತದೆ?" ಎಂದು ಕೇಳಿದರು.

ಜೊತೆಗೆ ಬಂದಿದ್ದ ನನ್ನ ಮಗಳು ಅಲ್ಲೇ ಹತ್ತಿರದ ಕಾಲೇಜಿನಲ್ಲಿ ಓದುತ್ತಾಳೆ. ಅವಳಿಗೆ ನಗು ಬಂತು. ಡಾಕ್ಟರಮ್ಮ ನಗಲಿಲ್ಲ. "ಲಿಪ್‌ಸ್ಟಿಕ್ಕು ಬಾಯಿಗೇ ಹೋಗುವುದು. ಟೂತ್‌ಪೇಸ್ಟ್ ಸಹ. ಕೈಗೆ ಲೋಷನ್ ಹಚ್ಚಿ ಅದೇ ಕೈಯಲ್ಲಿ ಊಟ ಮಾಡುತ್ತೀರಿ. ಚರ್ಮಕ್ಕೆ ಹಚ್ಚಿದ್ದು ಒಳಗೆ ಇಳಿಯುವುದಿಲ್ಲ, ಅದರ ಹೆದರಿಕೆ ಬೇಡ. ಬಾಯಿಗೆ ಹೋಗುವುದನ್ನು ಮಾತ್ರ ನೋಡಿ. ಬಾಟಲಿಯ ಮೇಲೆ ಗೋಧಿ ಎಂದು ಬರೆದಿರುವುದಿಲ್ಲ, ಟ್ರಿಟಿಕಮ್ ಎಂದಿರುತ್ತದೆ. ಬಾರ್ಲಿಗೆ ಹಾರ್ಡಿಯಮ್." ಎರಡನ್ನೂ ಮಗಳು ಫೋನಿನಲ್ಲಿ ಬರೆದುಕೊಂಡಳು.

ಭಾನುವಾರ ಬಾತ್‌ರೂಮಿನ ಕಪಾಟು, ಕನ್ನಡಿಯ ಕೆಳಗಿನ ಡ್ರಾಯರು, ನನ್ನ ಕಚೇರಿಯ ಪರ್ಸು ಎಲ್ಲವನ್ನೂ ಊಟದ ಮೇಜಿನ ಮೇಲೆ ಸುರಿದೆವು. ನಮ್ಮ ಮನೆಯಲ್ಲಿ ಇಷ್ಟೊಂದು ಬಾಟಲಿಗಳಿವೆ ಎಂದು ನನಗೇ ಗೊತ್ತಿರಲಿಲ್ಲ. ಲೋಕಲ್ ಗಾಡಿಯ ಲೇಡೀಸ್ ಬೋಗಿಯಲ್ಲಿ ಕೊಂಡ ಲಿಪ್‌ಸ್ಟಿಕ್ಕುಗಳೇ ಒಂದು ಹಿಡಿಯಷ್ಟಿದ್ದವು. ಅವುಗಳ ಮೇಲೆ ಬಣ್ಣದ ನಂಬರ್ ಬಿಟ್ಟರೆ ಏನೂ ಬರೆದಿರಲಿಲ್ಲ. "ಯೇ ಸಬ್ ಬಾಹರ್" ಎಂದು ಮಗಳು ಪ್ಲಾಸ್ಟಿಕ್ ಚೀಲಕ್ಕೆ ತಳ್ಳಿದಳು. ನನ್ನ ಇಷ್ಟದ ಕಂದು ಬಣ್ಣದ್ದನ್ನು ಮೆಲ್ಲಗೆ ಈಚೆಗೆ ಎಳೆದುಕೊಂಡೆ. ಅದನ್ನೂ ಕಿತ್ತುಕೊಂಡಳು. ಟೂತ್‌ಪೇಸ್ಟ್ ಪಾಸಾಯಿತು. ಶಾಂಪೂದಲ್ಲಿ ಗೋಧಿಯ ಪ್ರೊಟೀನು ಇತ್ತು, ಆದರೆ ಅದು ಬಾಯಿಗೆ ಹೋಗುವುದಲ್ಲ. "ನೊರೆ ಇಳಿಯುವಾಗ ಬಾಯಿ ಮುಚ್ಚಿಕೋ ಮಮ್ಮಿ, ಆ ಹೊತ್ತಿಗೆ ಹಾಡಬೇಡ" ಎಂದು ಅವಳು ತೀರ್ಪು ಕೊಟ್ಟಳು.

ಅಲ್ಲೇ ಬದನೆಕಾಯಿ ಹೆಚ್ಚುತ್ತಾ ಕುಳಿತಿದ್ದ ಅತ್ತೆಗೆ ಇದೆಲ್ಲ ಭಾರೀ ತಮಾಷೆಯಾಗಿ ಕಂಡಿತು. "ನಿಮ್ಮದೆಲ್ಲ ನೋಡಿ ಆಯ್ತಲ್ಲ? ನಂದೂ ಒಂದು ಉಂಟು" ಎನ್ನುತ್ತಾ ಎದ್ದು ಹೋಗಿ, ಅಡುಗೆಮನೆಯ ಸಿಂಕಿನ ಪಕ್ಕದಿಂದ ಒಂದು ಹಸಿರು ಬಾಟಲಿ ತಂದರು. ಸೋಪಿನ ನೀರಿನಲ್ಲಿ ತೊಳೆದೂ ತೊಳೆದೂ ಅವರ ಕೈ ಬಿರುಕು ಬಿಟ್ಟಿತ್ತು. ಚಳಿ ಶುರುವಾದಾಗ ಮೊಮ್ಮಗಳೇ ಅಜ್ಜಿಗೆಂದು ಕೊಂಡುತಂದ ಲೋಷನ್ ಅದು. ಬಾಟಲಿಯ ಮೇಲೆ ಎಲೆಯ ಚಿತ್ರ, ಘಮಘಮ ವಾಸನೆ.

ಮಗಳು ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಫೋನು ಹಿಡಿದಳು. ಅವಳ ನಗು ನಿಂತಿತು.

"ಮಮ್ಮಿ, ಟ್ರಿಟಿಕಮ್. ಅದೂ ಮೇಲಿನ ಸಾಲಲ್ಲೇ."

"ಅದೆಂತ?" ಎಂದರು ಅತ್ತೆ.

"ಗೇಹೂಂ, ಅಜ್ಜಿ."

ಅತ್ತೆ ತಮ್ಮ ಅಂಗೈ ನೋಡಿಕೊಂಡರು. "ಇದನ್ನು ಎಷ್ಟು ಹೊತ್ತಿಗೆ ಹಚ್ಚುತ್ತೀರಿ ಅತ್ತೆ?" ಎಂದು ಕೇಳಿದೆ. ಉತ್ತರ ಗೊತ್ತಿದ್ದೇ ಕೇಳಿದ ಹಾಗಿತ್ತು.

"ಕೈ ತೊಳೆದ ಕೂಡಲೇ. ಉರಿಯುತ್ತದಲ್ಲ," ಎಂದವರು, ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ, "ಆಮೇಲೆ ನಿನ್ನ ರೊಟ್ಟಿ ತಟ್ಟುವುದು" ಎಂದರು.

ನನಗೆ ವಿಷ ಹಾಕಬಾರದೆಂದು ಕೈ ತೊಳೆದು, ತೊಳೆದದ್ದಕ್ಕೆ ಕೈ ಒಡೆದು, ಒಡೆದದ್ದಕ್ಕೆ ಹಚ್ಚಿದ್ದರಲ್ಲೇ ಗೋಧಿ! ನನಗೆ ನಗು ತಡೆಯಲಾಗಲಿಲ್ಲ. ಆದರೆ ಅತ್ತೆಯ ಕಣ್ಣು ತುಂಬಿತ್ತು. "ಪಥ್ಯ ಮಾಡಿ ಹಾಕಿದ್ದು ನಾನು, ನಿನ್ನ ಹೊಟ್ಟೆ ಕೆಡಿಸಿದ್ದೂ ನಾನು. ಇನ್ನು ನಿನ್ನ ರೊಟ್ಟಿ ನೀನೇ ಮಾಡಿಕೋ" ಎಂದು ಒಳಗೆ ಹೋಗಿ ಮಲಗಿಬಿಟ್ಟರು. ಲೋಷನ್ ತಂದವಳು ತಾನು ಎಂದು ಮಗಳದ್ದೂ ಮುಖ ಸಪ್ಪೆ.

ಮರುದಿನ ಬೆಳಿಗ್ಗೆ ಅಕ್ಕಿಹಿಟ್ಟು ಕಲಸಿ ನಾನೇ ತಟ್ಟಲು ಕೂತೆ. ಮೊದಲನೆಯದು ಎಲೆ ಬಿಟ್ಟು ಬರಲಿಲ್ಲ. ಎರಡನೆಯದು ಕಾವಲಿಯ ಮೇಲೆ ಮೂರು ತುಂಡಾಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಮೂರನೆಯದಕ್ಕೆ ಮುಂಚೆ ಸೆರಗು ಸಿಕ್ಕಿಸಿದರು.

"ಏಳು ಅತ್ಲಾಗೆ. ಅಕ್ಕಿಗೂ ಒಂದು ಮರ್ಯಾದೆ ಉಂಟು," ಎಂದರು.

"ನಿಮ್ಮ ಕೈಗೆ ಏನು ಹಚ್ಚುವುದು ಅತ್ತೆ?"

"ತೆಂಗಿನೆಣ್ಣೆ. ಇನ್ನೇನು?"

ಚಪಾತಿಯ ಹಿಟ್ಟು ಕಲಸಿ ಲಟ್ಟಿಸುವ ಕೆಲಸವನ್ನು ಅಂದಿನಿಂದ ಮಗಳು ವಹಿಸಿಕೊಂಡಳು. ಅವಳ ಚಪಾತಿ ಭಾರತದ ನಕ್ಷೆಯನ್ನೂ ಹೋಲುತ್ತಿರಲಿಲ್ಲ, ಆದರೂ ಅವರಪ್ಪ ತೆಪ್ಪಗೆ ತಿಂದರು. ಅತ್ತೆಗೆ ಅಷ್ಟೊಂದು ಕೈ ತೊಳೆಯುವ ಕೆಲಸ ತಪ್ಪಿತು. ಲೋಷನ್ನೇ ಕಾರಣವೆಂದು ಖಂಡಿತವಾಗಿ ಹೇಳಲಾಗದು, ಲಿಪ್‌ಸ್ಟಿಕ್ಕೂ ಇರಬಹುದು ಎಂದರು ಡಾಕ್ಟರಮ್ಮ. ಏನೇ ಇರಲಿ, ಮುಂದಿನ ವರದಿ ಚೆನ್ನಾಗಿ ಬಂತು, ನನ್ನ ಹೊಟ್ಟೆ ಸುಮ್ಮನಾಯಿತು.

ಸುಮ್ಮನಾಗದವರು ಅತ್ತೆ. ಚರ್ಮಕ್ಕೆ ಹಚ್ಚಿದರೆ ತೊಂದರೆಯಿಲ್ಲ ಎಂದು ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಬೇಸಿಗೆಯಲ್ಲಿ ನಮ್ಮ ಪಕ್ಕದ ಮನೆಯ ಮರಾಠಿ ಹುಡುಗಿಯ ಮದುವೆ. ಹಿಂದಿನ ದಿನದ ಅರಿಸಿನ ಶಾಸ್ತ್ರ ಪಕ್ಕದ ಕಲ್ಯಾಣ್ ಊರಿನ ಒಂದು ಮದುವೆ ಹಾಲ್‌ನಲ್ಲಿ. ಮದುಮಗಳಿಗೆ ಹಚ್ಚಿ ಮುಗಿದ ಮೇಲೆ ಹೆಂಗಸರೆಲ್ಲ ಒಬ್ಬರ ಮುಖಕ್ಕೆ ಒಬ್ಬರು ಬಳಿಯತೊಡಗಿದರು. ಮದುಮಗಳ ತಾಯಿ ಎರಡೂ ಕೈ ತುಂಬ ಅರಿಸಿನ ಹಿಡಿದು ನನ್ನ ಕಡೆ ಬಂದದ್ದೇ ತಡ, ಅತ್ತೆ ಅಡ್ಡ ನಿಂತರು.

"ಹ್ಯಾಚ್ಯಾತ್ ಕಾಯ್ ಆಹೇ?" ಎಂದು ತಮ್ಮ ಉಡುಪಿ ರಾಗದ ಮರಾಠಿಯಲ್ಲಿ ಅದರಲ್ಲೇನಿದೆ ಎಂದು ವಿಚಾರಿಸಿದರು. ಅರಿಸಿನ, ಗುಲಾಬಿ ನೀರು, ಸ್ವಲ್ಪ ಗೋಧಿಹಿಟ್ಟು ಎಂದರು ಆಕೆ.

"ತಿಲಾ ನಕೋ! ಗಹೂ ನಕೋ!" ಅವಳಿಗೆ ಬೇಡ, ಗೋಧಿ ಬೇಡ ಎಂದು ಅತ್ತೆ ಕೈ ಅಡ್ಡ ಹಿಡಿದರು.

ಸೊಸೆಗೆ ಅರಿಸಿನ ತಾಗಬಾರದು ಎನ್ನುವ ಅತ್ತೆ ಎಂಥವಳಿರಬಹುದು ಎಂದು ಒಂದಿಬ್ಬರು ಮುಖ ಮುಖ ನೋಡಿಕೊಂಡರು. ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಮ್ಮ ಕೈಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಒಳಗೆ ಅರಿಸಿನ, ಕಡ್ಲೆಹಿಟ್ಟು, ಎಣ್ಣೆ. ಮನೆಯಲ್ಲೇ ಕಲಸಿ ತಂದಿದ್ದರು, ನನಗೂ ಹೇಳಿರಲಿಲ್ಲ.

"ಇದನ್ನು ಹಚ್ಚಿ, ಎಷ್ಟು ಬೇಕಾದರೂ ಹಚ್ಚಿ!" ಎಂದು ಕನ್ನಡದಲ್ಲೇ ಕೂಗಿದರು. ಯಾರಿಗೂ ಅನುವಾದ ಬೇಕಾಗಲಿಲ್ಲ. ಮದುಮಗಳ ತಾಯಿ ಕೈ ತೊಳೆದು ಬಂದು, ಆ ಡಬ್ಬಿಯಲ್ಲಿದ್ದದ್ದನ್ನು ನನ್ನ ಕೆನ್ನೆಗೆಲ್ಲ ಬಳಿದರು. ಉಳಿದದ್ದನ್ನು ನಾನೂ ಮಗಳೂ ಸೇರಿ ಅತ್ತೆಗೆ ಹಚ್ಚಿದೆವು. ಮೂಗಿನ ತುದಿಯನ್ನೂ ಬಿಡಲಿಲ್ಲ.

ಸಂಜೆ ಹಳದಿ ಮುಖ ಹೊತ್ತೇ ಲೋಕಲ್ ಹತ್ತಿದೆವು. ಬದಲಾಪುರದಿಂದ ಬರುತ್ತಿದ್ದ ಗಾಡಿ, ಕೂರಲು ಜಾಗವಿರಲಿಲ್ಲ. ಕಿಟಕಿಯ ಪಕ್ಕ ಕುಳಿತಿದ್ದ ಹೆಂಗಸೊಬ್ಬಳು ಅತ್ತೆಗೆ ಜಾಗ ಬಿಟ್ಟು, ಯಾರ ಮದುವೆ ಎಂದು ವಿಚಾರಿಸಿದಳು. ಅತ್ತೆ ಮದುವೆಯ ಸುದ್ದಿ ಬಿಟ್ಟು ನನ್ನ ಹೊಟ್ಟೆಯಿಂದ ಶುರು ಮಾಡಿದರು. ಡೊಂಬಿವಲಿ ಬಂದಾಗ ಕಥೆ ಇನ್ನೂ ಲಿಪ್‌ಸ್ಟಿಕ್ಕಿನಲ್ಲೇ ಇತ್ತು. ಕೈ ಹಿಡಿದು ಇಳಿಸಿಕೊಂಡೆವು. ಗಾಡಿ ಹೊರಟಿತು. ಅತ್ತೆ ಅದರ ಪಕ್ಕದಲ್ಲೇ ನಾಲ್ಕು ಹೆಜ್ಜೆ ನಡೆಯುತ್ತಾ ಕಿಟಕಿಯ ಕಡೆಗೆ ಇನ್ನೂ ಹೇಳುತ್ತಲೇ ಇದ್ದರು.