ಹೊಸ್ತಿಲಾಚೆ ಕಾದ ಲಾಯರ್
ಮನೆಗೆಲಸದವಳನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುವುದು ಜಾಗ್ರತೆಯಲ್ಲ, ಅಪರಾಧ. ಜಕ್ಕೂರಿನ ಅಪಾರ್ಟ್‌ಮೆಂಟುಗಳಿಗೆ ಇಷ್ಟನ್ನು ಕಲಿಸುವುದರಲ್ಲೇ ಲಾಯರ್ ಗೌರವ್ವನ ಚಪ್ಪಲಿ ಸವೆದಿದೆ. ಬಾಗಲಕೋಟೆ ಬಿಟ್ಟು ಯಲಹಂಕಕ್ಕೆ ಬಂದು ಎಷ್ಟೋ ವರ್ಷವಾದರೂ ಆಕೆಯ ಮಾತು ಮಾತ್ರ ಊರು ಬಿಟ್ಟಿಲ್ಲ. ಆಕೆಯ ಸ್ಕೂಟರ್ ಗೇಟಿಗೆ ಬಂತೆಂದರೆ ನಿವಾಸಿಗಳ ಸಂಘದ ಕಾರ್ಯದರ್ಶಿಗೆ ಬಿ.ಪಿ. ಏರುತ್ತದೆ, ಲಿಫ್ಟ್ ತಾನಾಗಿ ಕೆಳಗಿಳಿದು ಬರುತ್ತದೆ ಎನ್ನುತ್ತಾರೆ. ಮೊನ್ನೆ ಅಲ್ಲೊಂದು ಮನೆಯೊಳಗೆ ನಿಂಗವ್ವ ಎಂಬ ಕೆಲಸದವಳು ಹೀಗೆಯೇ ಬಂದಿಯಾಗಿದ್ದಳು. ಪೊಲೀಸರೊಂದಿಗೆ ಬಂದ ಗೌರವ್ವನಿಗೆ, ಫೋನ್ ಮಾಡಿ ಕರೆಸಿದ ಮನೆಯ ಯಜಮಾನ, “ಸೇಫ್ಟಿಗೆ ಮೇಡಂ. ಊರಿಗೆ ಹೊಸಬಳು, ಕಳೆದ್ಹೋದ್ರೆ?” ಎಂದ. “ಹಂಗಾದ್ರ ನೀವ್ ಒಳಗ ಕೂಡ್ರಿ, ನಾ ಹೊರಗಿಂದ ಕೀಲಿ ಹಾಕ್ತೀನಿ. ನಿಮಗೂ ಸೇಫ್ಟಿ.” ಆತ ದನಿ ತಗ್ಗಿಸಿ, “ಒಬ್ರೇ ಓಡಾಡೋರು ನೀವು, ಹುಷಾರು” ಎಂದ. ಬೆದರಿಕೆ ಬಂದರೆ ಆಕೆ ಹೆದರುವುದಿಲ್ಲ, ಕಿವಿ ಕೊಡುತ್ತಾಳೆ: “ಇನ್ನೊಮ್ಮೆ ಜೋರಾಗಿ ಅನ್ರಿ, ಎಸ್‌ಐ ಸಾಹೇಬ್ರೂ ಕೇಳ್ಲಿ.” ಬಾಗಿಲು ತೆರೆಯಿತು. ನಿಂಗವ್ವ ಹೊಸ್ತಿಲ ಒಳಗೇ ನಿಂತು, “ಹೋಗ್ಲೇನ್ರೀ ಯಜಮಾನ್ರ?” ಎಂದು ಅವನನ್ನೇ ಕೇಳಿದಳು. ಮಹಿಳಾ ಪೇದೆ ಕೈ ಹಿಡಿದೆಳೆಯಲು ಹೋದಾಗ ಗೌರವ್ವ ತಡೆದಳು. “ಎಳೀಬ್ಯಾಡ್ರಿ. ಎಳದ್ರ ನಾವೂ ಇವ್ರಂಗ ಆದ್ವಿ.” ನ್ಯಾಯಾಧೀಶರನ್ನೇ ಅವಸರಪಡಿಸುವ ಆ ಹೆಂಗಸು ಹೊರಗೆ ನೆಲದ ಮೇಲೆ ಕುಳಿತು, ನಿಂಗವ್ವ ತಾನಾಗಿ ಕಾಲು ಹೊರಗಿಡುವವರೆಗೂ ಕಾದಳು. ನಿಮ್ಮ ಎದುರುಮನೆಗೂ ಬೀಗ ಬಿದ್ದು ಒಳಗೆ ಪಾತ್ರೆಯ ಸದ್ದು ಕೇಳಿಸಿದರೆ ಟಿ.ವಿ. ಜೋರು ಮಾಡಬೇಡಿ. ೧೧೨ಕ್ಕೆ ಫೋನ್ ಮಾಡಿ, ಪೊಲೀಸರು ಬರುವವರೆಗೆ ಆ ಬಾಗಿಲ ಮುಂದೆಯೇ ನಿಂತಿರಿ.